ಟ್ಯಾಂಕಿನ ಹಿತ್ತಾಳೆ ವಾಲ್ವು

ನಾಶಿಕದ ಆ ಬಿಲ್ಡಿಂಗಿನ ನೀರಿನ ಟ್ಯಾಂಕು ಆರು ವರ್ಷದಲ್ಲಿ ಮೂರು ಪ್ಲಾಸ್ಟಿಕ್ ವಾಲ್ವುಗಳನ್ನು ನುಂಗಿತ್ತು. ಪ್ರತಿ ಸಲವೂ ಪೈಪು ಕತ್ತರಿಸಬೇಕು, ಪ್ಲಂಬರನ ಕೈಕಾಲು ಹಿಡಿಯಬೇಕು, ಎರಡು ದಿನ ಕೊಡ ಹೊರಬೇಕು. ಇದೆಲ್ಲ ಅಲ್ಲೇ ವಾಸವಿದ್ದ ರಾಧಾಬಾಯಿಗೆ ಗೊತ್ತಿತ್ತು. ಆದರೂ ಐದು ಪಟ್ಟು ಬೆಲೆಯ ಹಿತ್ತಾಳೆ ವಾಲ್ವು ಹಾಕಿಸೋಣವೆಂದು ಸೆಕ್ರೆಟರಿ ನರಹರಿ ಎಲ್ಲ ಮನೆಯವರ ಸಹಿಗೆ ಕಾಗದ ತಂದಾಗ ಆಕೆಯ ಕೈ ಏಳಲಿಲ್ಲ. ಓಝರ್ ವಿಮಾನ ಕಾರ್ಖಾನೆಯಲ್ಲಿ ತನ್ನ ಗಂಡನ ಜೊತೆ ದುಡಿದ, ತನ್ನನ್ನು ಅತ್ತಿಗೆಯೆಂದು 'ವೈನಿ' ಅಂತಲೇ ಕರೆಯುವ ಮನುಷ್ಯ, ನಿಜ. ಆದರೆ ಆತ ಕಮಿಷನ್ ತಿಂದಿದ್ದಾನೆಂಬ ಪಿಸುಮಾತು ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿತ್ತು.

"ವೈನಿ, ಸಂಭಾಜಿನಗರದಾಗ ನಿಮ್ಮ ತಂಗಿ ಬಿಲ್ಡಿಂಗಿಗೂ ಇದೇ ವಾಲ್ವು ಅದರಿ. ಒಂಬತ್ತು ವರ್ಷಾತು, ಒಂದು ಹನಿ ಸೋರಿಲ್ಲ."

"ಹೌದೇನ್ರಿ? ನಾಲ್ಕು ದಿನ ತಡೀರಿ."

ತಂಗಿ ವಾರಿಜಾಕ್ಷಿಗೆ ಫೋನಿನಲ್ಲಿ ವಿಷಯ ಹೇಳಿ, ಮರುದಿನ ಬಸ್ಸು ಹತ್ತಿದಳು.

ತಂಗಿಯ ಬಿಲ್ಡಿಂಗಿನ ಟೆರೇಸಿನಲ್ಲಿ ಆ ವಾಲ್ವು ದೇವರ ಮುಂದಿನ ದೀಪದ ಸಮೆಯಂತೆ ಫಳಫಳ ಹೊಳೆಯುತ್ತಿತ್ತು. ರಾಧಾಬಾಯಿ ಹತ್ತಿರ ಹೋಗಿ ನೋಡಿದಳು; ಉಪ್ಪಿನ ಒಂದು ಕಲೆಯೂ ಇಲ್ಲ. ಇಲ್ಲಿಯದು ಬೋರ್‌ವೆಲ್ಲಿನ ಗಡಸು ನೀರು. ತಿಂಗಳೊಪ್ಪತ್ತಿನಲ್ಲಿ ಬಕೀಟು ಬೆಳ್ಳಗಾಗುತ್ತದೆ.

"ಇದು ಒಂಬತ್ತು ವರ್ಷದ್ದಾ? ಯಾರ ಕಿವಿಗೆ ಹೂವಿಡ್ತೀರಿ? ನರಹರಿ ನಿನಗ ಫೋನ್ ಮಾಡಿದ್ರೇನು?"

"ಅವರ್ಯಾಕ ಮಾಡ್ತಾರಕ್ಕಾ? ನೀ ನೋಡ್ಲಿಕ್ಕೆ ಬರ್ತೀ ಅಂತ ನಾನೇ ನಿನ್ನೆ ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಮನಿಗೆ ಮಂದಿ ಬರೋ ಮುಂದ ಹಿತ್ತಾಳಿ ಕರ್ರಗಿರಬಾರದು ಅಂತ ಅವ್ವ ಹೇಳಿದ್ದು ಮರತ್ಯಾ?"

"ಹುಚ್ಚಿ! ಸಾಕ್ಷೀನೇ ತೊಳದಿಟ್ಟೀಯಲ್ಲ!"

ಬಾಯಲ್ಲಿ ಬೈದರೂ ಒಳಗಿನ ಹುಳು ಸಾಯಲಿಲ್ಲ. ತಂಗಿಯಾದರೇನು, ಅವಳಿಗೂ ನರಹರಿ ಹೇಳಿಕೊಟ್ಟಿರಬಹುದು. ರಾಧಾಬಾಯಿ ಬಗ್ಗಿ, ವಾಲ್ವಿನ ಹಿಂದೆ, ತಂಗಿಯ ದಪ್ಪ ಕೈ ಹೋಗದ ಗೋಡೆಯ ಸಂದಿಗೆ ತನ್ನ ಬಡಕಲು ಬೆರಳು ತೂರಿಸಿದಳು. ಒರಟು. ಬಚ್ಚಲ ಹಂಡೆಯ ತಳದಂತೆ ಪದರದ ಮೇಲೆ ಪದರ ಉಪ್ಪು ಕಟ್ಟಿತ್ತು. ಉಗುರಿನಿಂದ ಕೆದರಿದರೆ ಹಪ್ಪಳದಂಥ ಚಕ್ಕೆ ಎದ್ದಿತು. ಇಂಥದು ಒಂದು ದಿನದಲ್ಲಿ ಬೆಳೆಯುವುದಲ್ಲ. ಹಿಡಿಕೆಯನ್ನು ಎರಡೇ ಬೆರಳಲ್ಲಿ ತಿರುಗಿಸಿದಳು; ಕೆಳಗೆ ನೀರು ಗಪ್ಪನೆ ನಿಂತಿತು. ಚಕ್ಕೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ನಾಶಿಕಕ್ಕೆ ಮರಳಿದ ಮರುದಿನ ನರಹರಿ ಮತ್ತೆ ಕಾಗದ ಹಿಡಿದು ಬಂದರು.

"ಊರಿಗೆ ಹೋಗಿದ್ರಂತಲ್ರೀ?"

"ತಂಗೀನ ನೋಡ್ಲಿಕ್ಕೆ."

ಸಹಿಗೆಂದು ಬಗ್ಗಿದಾಗ ಗಂಟು ಸಡಿಲಿ, ಬಿಳಿ ಚಕ್ಕೆ ಕಾಗದದ ಮೇಲೆ ಬಿತ್ತು. ನರಹರಿ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಆಕೆಯ ಮುಖ ನೋಡಿದರು.

"ನಿಮ್ಮ ತಂಗಿ ಈಗ ಟೆರೇಸಿನ ಮ್ಯಾಲೆ ಇರ್ತಾರೇನ್ರಿ, ವೈನಿ?"

ರಾಧಾಬಾಯಿ ತಲೆಯೆತ್ತದೆ ಸಹಿ ಹಾಕಿದಳು. ಅದರ ಕೆಳಗೆ ಇನ್ನೊಂದು ಸಾಲು ಬರೆದಳು: 'ಈ ವಾಲ್ವನ್ನು ಯಾರೂ ತಿಕ್ಕಬಾರದು.'