ಎಂಟು ತುದಿ ಕೂಡುವ ಜಾಗ

"ಇದೇನೇ ಮುಂಡೇದೇ, ನಕ್ಷತ್ರಾನೋ ಒಡೆದ ಹಿಮ್ಮಡೀನೋ?" ಮೇಸ್ತ್ರಿ ಕೌದಿಯ ತುಂಡನ್ನು ಕುಳ್ಳಿಯ ಮುಖಕ್ಕೆ ಎಸೆದ. "ಬಿಚ್ಚು. ಪೂರಾ ಬಿಚ್ಚು."

ಕುಳ್ಳಿ ಬಿಚ್ಚತೊಡಗಿದಳು. ತಪ್ಪು ಅವಳದಲ್ಲ, ಇಸ್ತ್ರಿಯದು. ಕೆಲಸ ಬೇಗ ಮುಗಿಯಲೆಂದು ಮೇಸ್ತ್ರಿಯೇ ಹೊಲಿಗೆಯ ಅಂಚುಗಳನ್ನೆಲ್ಲ ಹೇಗೆ ಬಂತೋ ಹಾಗೆ ಮಡಿಸಿ ಇಸ್ತ್ರಿ ಹಾಕಿಸಿದ್ದ. ನಕ್ಷತ್ರದ ಎಂಟು ತುದಿಗಳು ಕೂಡುವ ನಟ್ಟನಡುವೆ ಬಟ್ಟೆ ಗುಳ್ಳೆಯಂತೆ ಉಬ್ಬಿತ್ತು.

"ಇಸ್ತ್ರಿ ತಪ್ಪು ಅಂತ ಹೇಳ್ಬಾರ್ದೇನೇ?" ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಪಿಸುಗುಟ್ಟಿದಳು.

"ಮೊನ್ನೆ ಹೇಳಿದ್ದಕ್ಕೇ ಈ ಕೆನ್ನೆ ಊದಿದ್ದು. ಇನ್ನೊಂದನ್ನೂ ಸಮ ಮಾಡ್ಕೊಳ್ಳಲಾ?"

ಅವಳು ಅಂಚುಗಳನ್ನು ಒಂದರ ಹಿಂದೊಂದು, ಎಲ್ಲವೂ ಒಂದೇ ಸುತ್ತು ತಿರುಗುವಂತೆ, ಉಗುರಿನಿಂದಲೇ ಒತ್ತಿ ಮತ್ತೆ ಹೊಲಿದಳು. ಅಂಗೈ ಸವರಿದರೆ ಎಲ್ಲಿ ಕೂಡಿತೆಂದು ತಿಳಿಯಬಾರದು, ಅಷ್ಟು ಸಮ. ಷೆಡ್ಡಿನ ಹೆಂಗಸರಲ್ಲಿ ಅಂಥ ಕೈ ಇದ್ದದ್ದು ಅವಳೊಬ್ಬಳಿಗೇ.

ತುಂಡುಗಳೆಲ್ಲ ಕೂಡಿ ಇಡೀ ಕೌದಿಯಾಗಲು ಮೂರು ತಿಂಗಳು ಹಿಡಿಯಿತು. ಅಡಿಬಟ್ಟೆ, ಹತ್ತಿಯ ಹಾಸು, ಮೇಲ್ಬಟ್ಟೆ ಮೂರನ್ನೂ ಚೌಕಟ್ಟಿಗೆ ಬಿಗಿದು, ಸುಕ್ಕು ಹೊರಗೆ ಹೋಗಲೆಂದು ನಡುವಿನಿಂದ ಅಂಚಿನ ಕಡೆಗೆ ಸಾಲು ಹೊಲಿಗೆ ಹಾಕಿದಳು. ಸುತ್ತಲೂ ಪಟ್ಟಿ ಕಟ್ಟಿದಳು. ಹಿಂಬದಿಯ ಮೂಲೆಗೆಂದು ಮೇಸ್ತ್ರಿ ಅಕ್ಷರ ಬರೆದ ಬಿಳಿ ಪಟ್ಟಿಯೊಂದನ್ನು ಕೊಟ್ಟ. ಓದಲು ಬಾರದ ಕುಳ್ಳಿ ಎಂದಿನಂತೆ ಅದನ್ನೂ ಅಂದವಾಗಿ ಹೊಲಿದಳು.

ಕೌದಿ ನೋಡಲು ದೂರದಿಂದ ಒಬ್ಬ ಹೆಂಗಸು ಬಂದಳು. ಷೆಡ್ಡಿನ ಒಡತಿಯೇ ಅವಳನ್ನು ಒಳಗೆ ಕರೆತಂದಳು. ಬಂದವಳು ನಕ್ಷತ್ರದ ನಡುವನ್ನು ಸವರಿ, ಮೂಲೆ ಮಗುಚಿ, ಬಿಳಿ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. "'ಇದರ ಪ್ರತಿ ಹೊಲಿಗೆಯೂ ನನ್ನ ಕೈಯದು.' ಕೆಳಗೆ ನಿಮ್ಮ ಹೆಸರು! ಪೂರ್ತಿ ನೀವೇ ಹೊಲಿದ್ರಾ?"

"ಇದೇ ಅಲ್ವಾ ನನ್ನ ಉಸಿರು," ಎಂದಳು ಒಡತಿ. "ಇವರೆಲ್ಲ ದಾರ ಗೀರ ಪೋಣಿಸಿಕೊಡ್ತಾರೆ, ಅಷ್ಟೆ."

ಕುಳ್ಳಿಯ ಕೈ ನಿಂತಿತು. ಇಷ್ಟು ವರ್ಷ ತಾನು ಹೊಲಿದ ಬಿಳಿ ಪಟ್ಟಿಗಳೆಲ್ಲ ಕಣ್ಣಮುಂದೆ ಬಂದವು. ಏನು ಹೊಲಿಯುತ್ತಿದ್ದೇನೆಂದು ಒಂದು ಸಲವೂ ಯಾರನ್ನೂ ಕೇಳಿರಲಿಲ್ಲ. ಎದ್ದು ನಿಂತಳು.

"ಸುಳ್ಳು. ಅದನ್ನ ಹೊಲಿದಿದ್ದು ನಾನು. ಸೂಜಿ ಕಣ್ಣು ಯಾವ ಕಡೆಗಿದೆ ಅಂತಾನೂ ಅಮ್ಮಾವ್ರಿಗೆ ಗೊತ್ತಿಲ್ಲ."

ಒಡತಿ ಸಿಟ್ಟಾಗಲಿಲ್ಲ, ನಕ್ಕಳು. "ಪಾಪ, ತಲೆ ಸ್ವಲ್ಪ ಸರಿ ಇಲ್ಲ." ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. "ನೀನೇ ಹೇಳಮ್ಮ, ಯಾರು ಹೊಲಿದಿದ್ದು?"

ಅತ್ತಿಗೆಯ ಗಂಡ, ಅಂದರೆ ಕುಳ್ಳಿಯ ಅಣ್ಣ, ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವಳು ನೆಲ ನೋಡಿದಳು.

"ನೀವೇ, ಅಮ್ಮಾ."

ಕುಳ್ಳಿಗೆ ಅವಳ ಮೇಲೆ ಕೋಪ ಬರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಅನ್ನಿಸಿತು. ಕತ್ತರಿ ಎತ್ತಿಕೊಂಡಳು. ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ನಕ್ಷತ್ರದ ನಡುವಿಗೆ ಅದನ್ನು ಚುಚ್ಚಿ, ಮೂರೂ ಪದರವನ್ನು ಅಂಚಿನ ತನಕ ಸೀಳಿಬಿಟ್ಟಳು.

ಮೇಸ್ತ್ರಿ ಅವಳನ್ನು ಜುಟ್ಟು ಹಿಡಿದು ಬಾಗಿಲಿಗೆ ಎಳೆದ. ಹೊಸ್ತಿಲು ಹಿಡಿದುಕೊಂಡ ಅವಳ ಬಲಗೈಯನ್ನು ಬೂಟಿನಿಂದ ತುಳಿದ. "ಇನ್ನು ಹೊಲಿ, ಬೋಳಿಮಗಳೇ!"

"ನಿನ್ನ ಕೈ ಸೇದಿ ಹೋಗ, ಹಾಳಾದವನೇ!" ಎಂದು ಕೂಗಿದಳು. ಒಳಗೆ ಯಾರೂ ತಲೆ ಎತ್ತಲಿಲ್ಲ.

ಸಂಜೆ ಅತ್ತಿಗೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ನಿನ್ನ ಜಾಗಕ್ಕೆ ನನ್ನ ಮಗಳನ್ನ ಕರ್ಕೊಂಡು ಬಾ ಅಂದಿದ್ದಾರೆ. ಇಲ್ಲಾಂದ್ರೆ ನಾನೂ ಬರೋದು ಬೇಡ್ವಂತೆ."

ಒಳಗೆ ಹುಡುಗಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಓದು ನಿಂತಿತು.

"ಎಂಟು ತುದಿ ಕೂಡ್ಸೋದು ಕಲಿಸು ಅವಳಿಗೆ."

"ನಾನು ಕಲಿಸಲ್ಲ."

"ಕಲಿಸ್ದಿದ್ರೆ ನಾಳೆ ಮೇಸ್ತ್ರಿ ಅವಳ ಮುಖಕ್ಕೂ ಎಸೀತಾನೆ ಕಣೇ."

ಅಣ್ಣ ಗೋಡೆಯ ಕಡೆಗೆ ಮಗ್ಗುಲು ತಿರುಗಿದ. ಕುಳ್ಳಿ ಚಿಂದಿಯ ಗಂಟನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, "ಬಾರೇ ಇಲ್ಲಿ," ಎಂದಳು.

ಬಲಗೈ ಬೆರಳುಗಳು ಊದಿ ಮಡಿಸಲು ಬಾರದಾಗಿದ್ದವು. ಎಡಗೈಯಲ್ಲೇ ಚಿಂದಿ ಬಟ್ಟೆ ಮಡಿಸಿ ತೋರಿಸಿದಳು. ಹುಡುಗಿ ಮೂರನೆಯ ಹೊಲಿಗೆಗೇ ಬೆರಳು ಚುಚ್ಚಿಕೊಂಡು, ರಕ್ತವನ್ನು ಆ ಚಿಂದಿಗೇ ಒರೆಸಿಕೊಳ್ಳಲು ಹೋದಳು.

ಕುಳ್ಳಿ ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು.

"ಬಟ್ಟೆಗೆ ತಾಗಿಸ್ಬೇಡ. ಬಾಯಲ್ಲಿಟ್ಟು ನುಂಗು."