ಉತ್ತರದಲ್ಲಿ ಇಲ್ಲದ ಎಕ್ಸ್

ಎಷ್ಟು ಪುಟ್ಟದಾಗಿದೆ ಈ ಉತ್ತರ, ಒಂದೇ ಸಾಲು, ವರ್ಗಮೂಲದ ಚಪ್ಪರವಿಲ್ಲ, ಭಾಗಾಕಾರದ ಗೆರೆಯಿಲ್ಲ, ಕಿಟಕಿಯ ಬಿಸಿಲು ಬಿದ್ದು ಹಾಳೆ ಇನ್ನೂ ಚೆಂದ ಕಾಣುತ್ತಿದೆ, ಹಿರಿಯ ಎಂಜಿನಿಯರ್ ನಿನ್ನೆ ಇದನ್ನು ನೋಡಿಯೇ ಹಿಗ್ಗಿದ್ದು, ಭೇಷ್ ಕಣಮ್ಮ, ಹಾಕು ಸಹಿ, ನಾಳೆ ಹನ್ನೊಂದಕ್ಕೆ ಸೇತುವೆ ಮೇಲೆ ಲಾರಿ ಹತ್ತಿಸಿ ನೋಡೇಬಿಡೋಣ, ಅವಳು ಹಾಕಿದಳು, ಉಬ್ಬಿಹೋಗಿ ಹಾಕಿದಳು — ಆದರೆ ಎಕ್ಸ್ ಎಲ್ಲಿ? ಸೇತುವೆಯ ಉದ್ದಕ್ಕೆ ಅವಳೇ ಇಟ್ಟ ಅಕ್ಷರ, ಉದ್ದವಿಲ್ಲದ ಸೇತುವೆ ಉಂಟೇ, ಮೇಲಿಂದ ಕೆಳಗೆ ಬೆರಳಿಟ್ಟು ಹುಡುಕುತ್ತಾಳೆ, ಎಲ್ಲೂ ಇಲ್ಲ, ನಿನ್ನೆ ಬೆಳಿಗ್ಗೆ, ಹೌದು, ಆರು ಮೀಟರಿನ ಮಾದರಿಯ ಮೇಲೆ ಪರೀಕ್ಷೆಗೆಂದು ಕಂಪ್ಯೂಟರಿನಲ್ಲಿ ಎಕ್ಸ್ ಬರೆದು, ಎರಡು ಚುಕ್ಕೆ, ಪಕ್ಕದಲ್ಲಿ ಸಮ ಚಿಹ್ನೆ, ಆರು ಎಂದು ಒತ್ತಿದ್ದಳು, ಬರೀ ಸಮ ಚಿಹ್ನೆಯಾದರೆ ಕಂಪ್ಯೂಟರಿಗೆ ಅದೊಂದು ಮಾತು, ಚುಕ್ಕೆಗಳು ಸೇರಿದರೆ ಅಪ್ಪಣೆ, ಅಳಿಸುವವರೆಗೂ ಎಕ್ಸ್ ಎಂದರೆ ಆರೇ, ಅವಳು ಅಳಿಸಲಿಲ್ಲ, ಅಯ್ಯೋ ಅಳಿಸಲೇ ಇಲ್ಲ, ಮಧ್ಯಾಹ್ನ ಅದೇ ಪುಟದ ಕೆಳಗೆ ಅಸಲಿ ಲೆಕ್ಕ ಮಾಡಿ ಕೊನೆಗೆ ಹದಿನೆಂಟು ಮೀಟರು ತುಂಬಿಸಹೋದರೆ ತುಂಬಲು ಎಕ್ಸೇ ಉಳಿದಿರಲಿಲ್ಲ, ಆ ಯಂತ್ರ ತುಟಿಪಿಟಕ್ಕೆನ್ನದೆ ಆರು ಮೀಟರಿನ ಸೇತುವೆ ಹೊರುವ ಭಾರವನ್ನೇ ಉತ್ತರವೆಂದು ಕೊಟ್ಟಿತು — ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡೇ ನಿಮಿಷ.

ಲಾರಿಯಲ್ಲಿ ಕೂತಿರುವವನು ತಮ್ಮ, ಒಡಹುಟ್ಟಿದ ತಮ್ಮ, ಅಕ್ಕ ನೀನು ಲೆಕ್ಕ ಹಾಕಿದ್ದೀಯ ಅಂದ್ಮೇಲೆ ಕಣ್ಮುಚ್ಕೊಂಡು ಹತ್ತಿಸ್ತೀನಿ ಬಿಡು, ಹೊಟ್ಟೆ ತುಂಬ ಜಲ್ಲಿ ಹೊತ್ತ ಲಾರಿ, ಅದರ ಮುಂದಿನ ಚಕ್ರ, ಅವನ ಫೋನ್ ರಿಂಗಾಗುತ್ತಿದೆ, ಎತ್ತೋ, ಎತ್ತೋ ಪುಣ್ಯಾತ್ಮ, ಅವನು ಎತ್ತುವುದಿಲ್ಲ, ಸ್ಟೇರಿಂಗ್ ಹಿಡಿದಾಗ ಫೋನ್ ಮುಟ್ಟಿದ್ರೆ ನನ್ನಾಣೆ ಎಂದು ಮಾತು ತೆಗೆದುಕೊಂಡವಳು ಇವಳೇ, ಹಿರಿಯ ಎಂಜಿನಿಯರರಿಗೆ ಮಾಡಿದರೆ ಅವರ ಫೋನ್ ಪಕ್ಕದ ಮೇಜಿನ ಮೇಲೇ ಗುರುಗುಟ್ಟುತ್ತಿದೆ, ಮೆಟ್ಟಿಲು, ಎರಡೆರಡು, ಮೂರು, ಕಣ್ಣ ಮುಂದೆ ಮೆಟ್ಟಿಲಿಲ್ಲ, ಮುಂದಿನ ಚಕ್ರ, ಇಷ್ಟು ಭಯ ಜನ್ಮದಲ್ಲಿ ಪಟ್ಟಿರಲಿಲ್ಲ, ಅಂಗಳ, ಬೇಲಿ, ಅಗೋ ಸೇತುವೆ, ಅಗೋ ಲಾರಿ, ಹೊರಟೇಬಿಟ್ಟಿದೆ, ಎರಡೂ ಕೈ ಎತ್ತಿ ಬೀಸುತ್ತಾಳೆ, ಬೇಡ, ನಿಲ್ಲಿಸೋ, ಎಂಜಿನ್ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳದು, ತಮ್ಮ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ, ನೋಡಿದ, ಸದ್ಯ ನೋಡಿದ — ಅಕ್ಕ ಹುರಿದುಂಬಿಸಲು ಬಂದಿದ್ದಾಳೆಂದು ಹಲ್ಲು ಬಿಟ್ಟು ಅವನೂ ಕೈ ಬೀಸಿದ, ಮುಂದಿನ ಚಕ್ರ ಸೇತುವೆಯ ಅಂಚಿಗೆ, ಮುಂದಿನ ಚಕ್ರ ಅಂಚಿನ ಮೇಲೆ, ಮುಂದಿನ ಚಕ್ರ