ಹೂ ಬಿಟ್ಟ ಅಲಸಂದೆ

ಜೆ.ಪಿ. ನಗರದ ಪರಮಶಿವಯ್ಯನವರ ಮನೆ ಪಕ್ಕದ ಖಾಲಿ ಜಾಗದಲ್ಲಿ ಗರಿಕೆ ಕೂಡ ಬೆಳೆಯುತ್ತಿರಲಿಲ್ಲ. ಮನೆ ಕಟ್ಟಿಸಿದಾಗ ಉಳಿದ ಜಲ್ಲಿ, ಗಾರೆ, ಒಡೆದ ಟೈಲ್ಸ್ ಎಲ್ಲವನ್ನೂ ಅಲ್ಲೇ ಹೂತಿದ್ದರು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಕಾರು ನಿಲ್ಲಿಸಲು ಕಾಂಕ್ರೀಟ್ ಹಾಕಿಸುತ್ತೇನೆ ಎಂದು ಅವರು ಹೇಳಿದಾಗ, ತೋಟದ ಕೆಲಸಕ್ಕೆ ಬರುವ ನನಗೆ ಮೈ ಉರಿಯಿತು. ಆ ಬೀದಿಯಲ್ಲಿ ನೆಲ ಅಂತ ಉಳಿದಿದ್ದೇ ಅಷ್ಟು.

"ಒಂದು ಮಳೆಗಾಲ ಬಿಡಿ ಸಾರ್. ಮಣ್ಣು ಸರಿ ಮಾಡಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಕಾಂಕ್ರೀಟ್ ನಾನೇ ಕಲಸ್ತೀನಿ."

"ಮಾತು ಮಾತೇ, ವೇಣು," ಎಂದು ನಕ್ಕರು.

ಕಲ್ಲು ಆರಿಸಿ, ಅಲಸಂದೆ, ಹುರುಳಿ ಬೆರೆಸಿ ಎರಚಿದೆ. ಸಾರಕ್ಕಿಯಲ್ಲಿ ನಮಗೆ ಹೊಲವಿದ್ದ ಕಾಲದಲ್ಲಿ ತಾತ ಬಡಕಲು ನೆಲಕ್ಕೆ ಇದನ್ನೇ ಮಾಡುತ್ತಿದ್ದ. ಹೂ ಬಂದ ಕೂಡಲೇ ಕೊಯ್ದು ಮಣ್ಣಿಗೇ ಸೇರಿಸಬೇಕು. ಕಾಯಿ ಕಟ್ಟಲು ಬಿಟ್ಟರೆ ಸಾರವೆಲ್ಲ ಕಾಯಿಗೆ ಹೋಗುತ್ತದೆ.

ಐವತ್ತು ದಿನಕ್ಕೆ ನೆಲ ಕಾಣದಷ್ಟು ಹಸಿರು, ಮೇಲೆ ನೇರಳೆ ಹೂ. ಬೆಳಿಗ್ಗೆ ಕುಡುಗೋಲು ಹಿಡಿದು ಹೋದರೆ ಪರಮಶಿವಯ್ಯ ಅಡ್ಡ ನಿಂತರು. ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು.

"ಹೂ ಬಿಟ್ಟಿರೋ ಗಿಡ ಕೊಯ್ತಾರೇನೋ? ಹದಿನೈದು ದಿನ ತಡಿ. ಕಾಯಿ ತಿಂದ್ಬಿಟ್ಟು ಆಮೇಲೆ ಕಾಂಕ್ರೀಟ್ ಹಾಕ್ಸೋಣ."

"ಮಣ್ಣು ಸರಿಯಾದ್ರೆ ಕಾಂಕ್ರೀಟ್ ಬೇಡ ಅಂತ ತಾನೇ ಮಾತಾಗಿದ್ದು!"

"ಸರಿಯಾಗಿದೆ ಅಂತ ಯಾರು ಹೇಳಿದ್ದು? ಮೇಲೆ ಹಸಿರು ಕಂಡ್ರೆ ಆಗೋಯ್ತಾ?"

"ಬೇರು ನೋಡಿ ಸಾರ್. ಗಂಟು ಕಟ್ಟಿರುತ್ತೆ. ಗೊಬ್ಬರ ಇರೋದೇ ಅಲ್ಲಿ."

ಸಿಟ್ಟಿನಲ್ಲಿ ಒಂದು ಅಲಸಂದೆ ಗಿಡದ ಬುಡ ಹಿಡಿದು ಜಗ್ಗಿದೆ. ಬೇರು ಬೋಳು. ಇನ್ನೊಂದು ಕಿತ್ತೆ. ಅದೂ ಬೋಳು.

"ಎಲ್ಲಪ್ಪಾ ನಿನ್ನ ಗೊಬ್ಬರದ ಫ್ಯಾಕ್ಟರಿ? ಇವತ್ತು ರಜಾನಾ?"

ಮೂರನೆಯದಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವರ ಹೆಂಡತಿ ಶಾಂತಾದೇವಿ ದೋಸೆ ಮಗುಚುವ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದರು.

"ಹಂಗೆ ಜಗ್ಗಿದ್ರೆ ಗಂಟೆಲ್ಲ ಮಣ್ಣಲ್ಲೇ ಉದುರಿಹೋಗುತ್ತೆ ಕಣೋ. ಇವರ ಮೇಲಿನ ಕೋಪ ಗಿಡದ ಮೇಲ್ಯಾಕೆ? ಸರಿ ಆ ಕಡೆ."

ಸಟ್ಟುಗವನ್ನು ಬುಡದ ಸುತ್ತ ಇಳಿಸಿ, ಗಿಡವನ್ನು ಮಣ್ಣುಹೆಂಟೆಯ ಸಮೇತ ಎತ್ತಿ ಬಕೆಟ್ಟಿನ ನೀರಿಗಿಟ್ಟರು. ಮಣ್ಣು ಮೆತ್ತಗೆ ಕರಗಿತು. ಬೇರಿನ ತುಂಬ ಸಬ್ಬಕ್ಕಿಯಂಥ ಗಂಟುಗಳು. ಒಂದನ್ನು ಉಗುರಿನಲ್ಲಿ ಸೀಳಿದರು. ಒಳಗೆ ಕೆಂಪು.

"ನೋಡ್ರೀ. ನಮ್ಮ ತವರಲ್ಲಿ ಇದು ಕೆಂಪಿದ್ರೆ ನೆಲಕ್ಕೆ ಜೀವ ಬಂತು ಅಂತಿದ್ರು."

ಪರಮಶಿವಯ್ಯ ಕನ್ನಡಕ ಹಾಕಿಕೊಂಡು ಕೂತು, ತಾವೇ ನಾಲ್ಕು ಗಂಟು ಸೀಳಿ ನೋಡಿದರು. ನಾಲ್ಕೂ ಕೆಂಪು. ಗಿಡ ಎತ್ತಿದ ಗುಳಿಯಲ್ಲಿ ಎರೆಹುಳುವೊಂದು ಹೊರಳುತ್ತಿತ್ತು.

"ಕಾರು ರೋಡಲ್ಲೇ ಇರ್ಲಿ ಬಿಡು," ಎಂದರು ಕೊನೆಗೆ. "ಆದ್ರೆ ಕಾಂಪೌಂಡ್ ಅಂಚಲ್ಲಿರೋದನ್ನ ಮುಟ್ಬೇಡ. ನಂಗೆ ಪಲ್ಯ ಬೇಕು."

"ನಂಗೆ ಬಿತ್ತನೆಗೆ ಬೇಕು ಸಾರ್."

"ಅರ್ಧರ್ಧ."

"ಆಯ್ತು."

ಮಧ್ಯಾಹ್ನದೊಳಗೆ ಉಳಿದದ್ದನ್ನೆಲ್ಲ ಕೊಯ್ದು ಮಣ್ಣಿಗೆ ಸೇರಿಸಿದೆ. ಗುದ್ದಲಿ ಒಂದು ಸಲವೂ ಠಣ್ ಎನ್ನಲಿಲ್ಲ. ಜಗಲಿಯಲ್ಲಿ ಕೂತಾಗ ಶಾಂತಾದೇವಿ ತಟ್ಟೆಗೆ ಮೂರು ದೋಸೆ ಹಾಕಿದರು.

"ತಿನ್ನೋ. ಸಟ್ಟುಗ ತೊಳ್ದಿದ್ದೀನಿ."